ಕಾಕಾನ ಕಿಲೋ ತೂಕದ ಬುಕ್ಕು

ಕಂಪ್ಯೂಟರನ್ನು ಅಂಗೈಯಲ್ಲಿ ತೂಗಿ ನೋಡಿ ಕೊಂಡ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ ಇದ್ದಾನೆ. ಅವನು ನನ್ನ ಕಾಕಾ ಎಂದು ಹೇಳಿಕೊಳ್ಳಲು ಮೊದಮೊದಲು ನನಗೆ ಸಂಕೋಚವಾಗುತ್ತಿತ್ತು. ಈಗ ನೋಡಿ, ಕೇಳದವರನ್ನೂ ನಿಲ್ಲಿಸಿ ಹೇಳುತ್ತೇನೆ!

ಕಾಕಾ ಎಂದರೆ ನಮ್ಮಪ್ಪನ ಖಾಸಾ ತಮ್ಮ. ಮಾನ್ವಿಯ ರೈಸ್ ಮಿಲ್ಲಿನಲ್ಲಿ ಮೂವತ್ತೈದು ವರ್ಷ ಹಮಾಲಿ ಮಾಡಿದವನು. ಹಿರೇಕೊಟ್ನೆಕಲ್ಲಿನ ಭತ್ತವೇ ಇರಲಿ, ಬಾಗಲವಾಡದ್ದೇ ಇರಲಿ, ಅವನ ಎಡಭುಜವನ್ನು ಮುಟ್ಟದೆ ಮಿಲ್ಲಿನೊಳಗೆ ಹೋದದ್ದಿಲ್ಲ. ಚೀಲ ಭುಜಕ್ಕೆ ಬಿದ್ದೊಡನೆ, "ಎರಡ್ ಕಿಲೋ ಕಮ್ಮಿ ಅದ ನೋಡ್ರಿ" ಎನ್ನುವನು. ತೂಕದ ಕಾಟಾದ ಮೇಲಿಟ್ಟರೆ ಬರೋಬ್ಬರಿ ಎರಡು ಕಿಲೋ ಕಡಿಮೆ! ಕೊನೆಕೊನೆಗೆ ಕಾಟಾ ಸರಿ ಇದೆಯೋ ಇಲ್ಲವೋ ಎಂದು ನೋಡಲು ಕಾಕಾನನ್ನೇ ಕರೆಯುತ್ತಿದ್ದರಂತೆ. ಇದನ್ನು ಹೇಳಿದವನೂ ಕಾಕಾನೇ ಆದ್ದರಿಂದ ಸ್ವಲ್ಪ ಕಳೆದುಕೊಂಡು ನಂಬಿ.

ಇಂಥವನಿಗೆ ಕಂಪ್ಯೂಟರ್ ಯಾಕೆ? ಒಂದು ಬೀಗ ತೆಗೆಸಲಿಕ್ಕೆ!

ಮಾನ್ವಿಯ ನಮ್ಮ ಓಣಿಯ ಸಮುದಾಯ ಭವನದ ಮಗ್ಗುಲಲ್ಲಿ ಒಂದು ಕೋಣೆ ಇದೆ. ಒಳಗೆ ಮುರಿದ ಕುರ್ಚಿಗಳು, ಹೊರಗೆ ಬೀಗ. ಅದನ್ನು ಓಣಿಗೆ ವಾಚನಾಲಯ ಮಾಡಿಕೊಡಿ ಎಂದು ಕಾಕಾ ಹಟ ಹಿಡಿದಿದ್ದ. ಪುರಸಭೆ ಕಚೇರಿಗೆ ಐದು ಅರ್ಜಿ ಕೊಟ್ಟಾಗಿತ್ತು. ಐದನ್ನೂ ಬರೆದವರು ಕಚೇರಿ ಮುಂದಿನ ಬೇವಿನ ಮರದ ಕೆಳಗೆ ಕೂರುವ ಒಬ್ಬ ಹಿರಿಯ ಟೈಪಿಸ್ಟರು. ಐದೂ ಶುರುವಾಗುವುದು ಒಂದೇ ಸಾಲಿನಿಂದ: "ಕಡುಬಡವರಾದ ನಾವು ತಮ್ಮ ಪಾದಕ್ಕೆರಗಿ ಬೇಡಿಕೊಳ್ಳುವುದೇನೆಂದರೆ..."

"ಆ ಪಾದದ ಸಾಲು ತಗೀರಿ," ಎಂದ ಕಾಕಾ, ಆರನೆಯದಕ್ಕೆ ಹೋದಾಗ.

"ಯಜಮಾನ್ರ, ಅದು ಮೊದ್ಲ ಟೈಪ್ ಆಗೇ ಇರ್ತದ್ರಿ. ಅದನ್ನ ತಗದ್ರ ಯಾರೂ ಅರ್ಜಿ ಅನ್ನಂಗಿಲ್ಲ."

"ನಾ ಕೇಳಾಕ ಬಂದೀನ್ರಿ, ಬೇಡಾಕ ಬಂದಿಲ್ಲ!"

ಆರನೆಯ ಅರ್ಜಿಯನ್ನು ತಾನೇ ಬರೆಯುವುದಾಗಿ ಕಾಕಾ ಅಲ್ಲೇ ಸಾರಿಬಿಟ್ಟ. ಅವನ ಕೈಬರಹ ಅವನಿಗೇ ಓದಲು ಬರುವುದಿಲ್ಲ. ಫೋನಿನಲ್ಲಿ ಬರೆಯೋಣವೆಂದರೆ ಒಂದು ಬೆರಳಿಟ್ಟರೆ ಮೂರು ಅಕ್ಷರ ಮುಚ್ಚಿಹೋಗುತ್ತವೆ. ಮೇಲಾಗಿ ಡಾಕ್ಟರು ಅವನ ಭುಜ ನೋಡಿ, ಇನ್ನು ಎರಡು ಕಿಲೋ ಮೀರಿ ಏನನ್ನೂ ಎತ್ತಕೂಡದು ಎಂದು ಕಟ್ಟುನಿಟ್ಟಾಗಿ ಹೇಳಿದ್ದರು. ಹಾಗಾಗಿ ಒಂದು ಭಾನುವಾರ ನಾನು ದೇವದುರ್ಗದಿಂದ, ಅವನು ಮಾನ್ವಿಯಿಂದ ರಾಯಚೂರಿನ ಅಂಗಡಿಗೆ ಬಂದೆವು. ನಾನು ದೇವದುರ್ಗದ ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಹೋಗುವ ಮೊದಲು ಒಂದು ವಾರ ವಿಡಿಯೋ ನೋಡಿ, ರ‍್ಯಾಮು, ಪ್ರೊಸೆಸರು ಎಂದೆಲ್ಲ ಬಾಯಿಪಾಠ ಮಾಡಿಕೊಂಡಿದ್ದೆ.

ನನ್ನ ಪಾಠ ಯಾರಿಗೆ ಬೇಕು? ಅಂಗಡಿಯ ಹುಡುಗಿ ಬಾಯಿ ತೆರೆಯುವ ಮೊದಲೇ ಕಾಕಾ ಒಂದು ಲ್ಯಾಪ್‌ಟಾಪನ್ನು ಅಂಗೈ ಮೇಲಿಟ್ಟು ಕಣ್ಣು ಮುಚ್ಚಿದ. "ಎರಡ್ ಕಿಲೋ ನೂರು." ಮತ್ತೊಂದು. "ಕಿಲೋ ಎಂಟನೂರು." ಹುಡುಗಿ ಡಬ್ಬಿಯ ಮೇಲಿನ ಬರಹ ನೋಡಿದಳು, ಕಾಕಾನನ್ನು ನೋಡಿದಳು, ಮತ್ತೆ ಡಬ್ಬಿ ನೋಡಿದಳು. ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ಸುತ್ತ ನೆರೆದರು. ನಾನು ಚಾರ್ಜರುಗಳ ಕಡೆ ಮುಖ ತಿರುಗಿಸಿ, ಈತ ಯಾರೋ ನನಗೆ ಗೊತ್ತಿಲ್ಲ ಎಂಬಂತೆ ನಿಂತೆ.

"ಇದಕ್ಕೂ ಹಗುರ ಇಲ್ಲೇನಬೇ ಯವ್ವಾ?"

ಆಗ ಅವಳು ತೆಳ್ಳಗಿನ ಒಂದನ್ನು ತಂದಳು. "ಇದು ಕ್ರೋಮ್‌ಬುಕ್ ರೀ. ಒಳಗ ಜಾಸ್ತಿ ಏನೂ ಇಟ್ಕೊಳ್ಳಂಗಿಲ್ಲ. ನೀವು ಬರದದ್ದೆಲ್ಲಾ ಇಂಟರ್‌ನೆಟ್‌ನಾಗ ಬ್ಯಾರೆ ಕಡಿ ಇರ್ತದ. ಬ್ಯಾಟ್ರಿ ದಿನಾ ಪೂರ್ತಿ ಬರ್ತದ."

"ಅಂದ್ರ ಮಾಲೆಲ್ಲಾ ಗೋಡೌನ್‌ನಾಗ, ಇಲ್ಲಿ ಬರೇ ಚೀಟಿ. ಹೌದಿಲ್ಲೋ?"

ಹುಡುಗಿ ಬೆರಗಾಗಿ ನನ್ನನ್ನು ನೋಡಿದಳು. ಒಂದು ವಾರ ವಿಡಿಯೋ ನೋಡಿಯೂ ನನಗೆ ತಲೆಗೆ ಹೋಗದ ಸಂಗತಿ ಅದು! ಕಾಕಾ ಅದನ್ನು ಎತ್ತಿ, "ಕಿಲೋದ ಮ್ಯಾಲ ನೂರಾ ಐವತ್ತು" ಎಂದ. ನಂತರ ಮೆಲ್ಲಗೆ ಕೇಳಿದ: "ಏನಂದಿ ಇದಕ್ಕ? ಬುಕ್?"

ಆ ಒಂದು ಮಾತು ಅವನ ತಲೆಯಲ್ಲಿ ಕೂತುಬಿಟ್ಟಿತು. ಕಾಕಾ ಶಾಲೆಗೆ ಹೋದದ್ದು ಐದನೆಯ ತರಗತಿಯವರೆಗೆ. ಆ ಐದು ವರ್ಷದಲ್ಲಿ ಒಂದೂ ಹೊಸ ಪುಸ್ತಕ ಮುಟ್ಟಿದವನಲ್ಲ. ಎಲ್ಲವೂ ಯಾರೋ ಓದಿ ಬಿಟ್ಟ ಹಳೆಯವು. ಮೊದಲ ಪುಟದಲ್ಲಿ ಹಿಂದಿನವನ ಹೆಸರು ಹೊಡೆದುಹಾಕಿ, ಪಕ್ಕದಲ್ಲಿ ತನ್ನದು ಬರೆಯಬೇಕು. ಈಗ ಮೊದಲ ಸಲ ಹೊಸ ಬುಕ್ಕು!

ವಾಪಸು ಬಸ್ಸಿಗೆ ಹೋಗುವಾಗ ಅದನ್ನು ಟವೆಲಿನಲ್ಲಿ ಸುತ್ತಿ, ಅಭ್ಯಾಸಬಲದಿಂದ ಎಡಭುಜದ ಮೇಲಿಟ್ಟುಕೊಂಡು ನಡೆದ. ಕಿಲೋ ತೂಕದ ವಸ್ತುವಿಗೆ ಕ್ವಿಂಟಾಲಿನ ನಡಿಗೆ! "ಯಜಮಾನ್ರ, ಲಗೇಜೇನ್ರಿ?" ಎಂದ ಕಂಡಕ್ಟರಿಗೆ, "ಬುಕ್ಕ್ರಿ, ಓದಾಕ" ಎಂದು ಉತ್ತರ ಕೊಟ್ಟು ಕಿಟಕಿ ಪಕ್ಕ ಕೂತ.

ಮುಂದಿನ ವಾರ ಮಾನ್ವಿಗೆ ಹೋದರೆ, ಕ್ರೋಮ್‌ಬುಕ್ಕಿನ ಮೇಲ್ಮುಚ್ಚಳಕ್ಕೆ ಕಂದು ಕಾಗದದ ಬೈಂಡು ಹಾಕಿಯಾಗಿತ್ತು. ಅದರ ಮೇಲೆ ಶಾಲೆಯ ಮಕ್ಕಳು ಅಂಟಿಸುವ ಲೇಬಲ್ಲು. ಒಳಗೆ, ಕೀಬೋರ್ಡಿನ ಮೇಲೆ ಒಂದು ನವಿಲುಗರಿ! ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು, ಅದರ ಮೇಲೆ ಚಹಾದ ಬಸಿ ಇಡಕೂಡದು ಎಂದು ಮನೆಯಲ್ಲಿ ಕಾಯಿದೆ ಜಾರಿಯಾಗಿತ್ತು. ದಿನಕ್ಕೆ ಮೂರು ಸಲ ಪರದೆ ಒರೆಸುವ ಕಾಕಾನನ್ನು ನೋಡಿ ಚಿಗವ್ವ ನನ್ನ ಹತ್ತಿರ ಫಿರ್ಯಾದು ಹೇಳಿದಳು: "ನನ್ನ ಕೈ ಹಿಡದು ನಲವತ್ತು ವರ್ಷಾತು. ಒಂದಿನಾರ ನನ್ನ ಮಾರಿ ಹಿಂಗ ನೋಡ್ಯಾರೇನು ಕೇಳಬೇ!"

ಎರಡು ಬೆರಳಿನಲ್ಲಿ ಒತ್ತಿ ಒತ್ತಿ ಒಂದು ಸಾಲು ಬರೆಯುವಷ್ಟರಲ್ಲಿ ಒಂದು ಮಧ್ಯಾಹ್ನ ಕಳೆಯುತ್ತಿತ್ತು. ಪಾಪ ಎನಿಸಿ, ಬಾಯಲ್ಲಿ ಹೇಳಿದರೆ ತಾನೇ ಕನ್ನಡದಲ್ಲಿ ಬರೆದುಕೊಳ್ಳುವ ಉಪಾಯ ತೋರಿಸಿಕೊಟ್ಟು, ಕಚೇರಿಯ ಇಮೇಲ್ ವಿಳಾಸವನ್ನೂ ಸೇರಿಸಿಟ್ಟು ಬಂದೆ. ನನ್ನದೇ ತಪ್ಪು! ನನಗೆ ತೋರಿಸಿ ಕಳಿಸು ಎಂದು ಹೇಳಿ ಬಂದಿದ್ದರೂ, ಮರುದಿನವೇ ಫೋನ್ ಬಂತು.

"ಅರ್ಜಿ ಹೋತು ಬೇ! ನಾನ ಹೇಳಿದ್ದು, ಅದ ಬರದದ. ಒಂದು ಪಾದ ಇಲ್ಲ, ಒಂದು ಎರಗೋದಿಲ್ಲ!"

ಅವನು ಕಳಿಸಿದ ಪ್ರತಿಯನ್ನು ತೆರೆದು ಓದಿದೆ. "ನಮ್ಮ ಓಣಿಗೆ ವಾಚನಾಲಯ ಬೇಕರಿ. ಕೋಣೆ ಇದೆ, ಬೀಗ ತೆಗೆಸಿಕೊಡಬೇಕರಿ. ಮಕ್ಕಳು ಓದುತ್ತಾರೆ. ಚಹಾ ಆರುತ್ತಿದೆ ಬರ್ರಿ."

"ಕಾಕಾ! ಇದೇನಿದು, ಬೇಕರಿ?"

"ಹೌದು, ಬೇಕ್ರಿ. ಬೇಕು ಅಂದ್ರ ಒರಟಾಗ್ತದ. ಅದಕ್ಕ ರೀ ಹಚ್ಚೀನಿ."

"ಇದು ಬೇಕ್ರಿ ಅಲ್ಲ, ಬೇಕರಿ! ಬ್ರೆಡ್ಡು, ಖಾರಾ ಬಿಸ್ಕೀಟು ಮಾರೋ ಬೇಕರಿ! ಮತ್ತ ಈ ಚಹಾ?"

"ಅದು ನಿಮ್ಮ ಚಿಗವ್ವ ನನ್ನ ಕರದಿದ್ಲು," ಎಂದ.

ಬೇಷಾಯಿತು! ಕನ್ನಡ ಟೀಚರ ಕಾಕಾನ ಅರ್ಜಿ ಕಚೇರಿಯ ಗೋಡೆಗೆ ಅಂಟಿ ನಗೆಪಾಟಲಾಗುವುದು ನನ್ನ ಕಣ್ಣಿಗೆ ಕಟ್ಟಿತು. ನಕ್ಕರೆ ನಗಲಿ, ಆದರೆ ಆ ಕೋಣೆ? ಆರನೆಯ ಅರ್ಜಿಯೂ ಹೋದರೆ ಏಳನೆಯದನ್ನು ಬರೆಯುವ ಉತ್ಸಾಹ ಅವನಲ್ಲಿ ಉಳಿದೀತೇ? ತಿದ್ದಿ ಮತ್ತೊಂದು ಕಳಿಸೋಣ ಎಂದು ಅಂಗಲಾಚಿದೆ. "ತಪ್ಪದ, ಒಪ್ಪೀನಿ. ಬೇಡಿದ್ದಂತೂ ಇಲ್ಲಲ್ಲ? ಇರಲಿ ಬಿಡು," ಎಂದ. ಆ ವಾರವೆಲ್ಲ ತರಗತಿಯಲ್ಲಿ ಕಾಗುಣಿತ ತಪ್ಪಿದ ಮಕ್ಕಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ಗುರುವಾರ ಮಧ್ಯಾಹ್ನ ಚಿಗವ್ವನ ಫೋನು. ಮನೆಯ ಮುಂದೆ ಜೀಪು ನಿಂತಿತ್ತಂತೆ. ಹೊಸದಾಗಿ ಬಂದ ಅಧಿಕಾರಿ ಮೇಡಂ ಇಳಿದು, ಬಾಗಿಲಲ್ಲಿ ನಿಂತ ಕಾಕಾನಿಗೆ ಕೈ ಮುಗಿದು ಕೇಳಿದರಂತೆ: "ಯಜಮಾನ್ರ, ಚಹಾ ಆರಿತೇನ್ರಿ?"

ಅವರು ಬೇರೆ ಅರ್ಜಿಗಳ ಮೊದಲ ಸಾಲು ನೋಡಿದರೆ ಸಾಕು, ಮುಂದೆ ಓದುವ ಅಗತ್ಯವೇ ಬೀಳುತ್ತಿರಲಿಲ್ಲವಂತೆ. ಇದನ್ನು ಮಾತ್ರ ನಕ್ಕು ನಕ್ಕು ಕೊನೆತನಕ ಓದಿದ್ದಾರೆ. ಓದಿದ ಮೇಲೆ ನಗು ನಿಂತಿದೆ. ಕಡತ ತರಿಸಿದ್ದಾರೆ; ಹಳೆಯ ಐದೂ ಅರ್ಜಿ ಸಿಕ್ಕಿವೆ. ಚಿಗವ್ವ ಹೊಸದಾಗಿ ಚಹಾ ಕಾಸಿದಳು. ಮೇಡಂ ಚಹಾ ಕುಡಿದು, ಕಾಕಾನ ಜೊತೆ ನಡೆದುಹೋಗಿ ಕೋಣೆ ನೋಡಿದರು. ತಿಂಗಳು ತುಂಬುವುದರೊಳಗೆ ಬೀಗ ತೆಗೆಯಿತು!

ವಾಚನಾಲಯ ಎಂದು ಫಲಕವೇನೋ ಬರೆಸಿದ್ದಾರೆ, ನಾನೇ ಎರಡು ಸಲ ಕಾಗುಣಿತ ನೋಡಿಕೊಟ್ಟೆ. ಆದರೆ ಓಣಿಯಲ್ಲಿ ಅದರ ಹೆಸರು ಬೇಕರಿ. "ಎಲ್ಲಿ ಹೊಂಟೀರಿ?" "ಬೇಕರಿಗ್ರಿ, ಓದಾಕ!"

ಕೋಣೆ ತೆರೆದ ದಿನ ನಾನು ಶಾಲೆಯಿಂದ ಒಂದು ಕಟ್ಟು ಪುಸ್ತಕ ಒಯ್ದಿದ್ದೆ. ಹೋಗಿ ನೋಡಿದರೆ ಕಪಾಟಿನಲ್ಲಿ ನನಗಿಂತ ಮೊದಲೇ ಒಂದು ಬುಕ್ಕು ಕೂತಿದೆ. ಕಂದು ಬೈಂಡಿನ ಕ್ರೋಮ್‌ಬುಕ್ಕು! ಪುಸ್ತಕಗಳ ರಿಜಿಸ್ಟರಿನಲ್ಲಿ ಒಂದನೆಯ ನಂಬರೂ ಅದರದ್ದೇ.

"ಕಾಕಾ, ಹುಟ್ಟಿದಾಗಿಂದ ಇದೊಂದ ಹೊಸಾ ಬುಕ್ಕು ನಿನಗ. ಇದನ್ನೂ ಕೊಟ್ಟಿ?"

"ಲೇಬಲ್ ನೋಡು," ಎಂದ.

ನೋಡಿದೆ. ಮೇಲಿನ ಸಾಲಿನಲ್ಲಿ ದಪ್ಪ ಅಕ್ಷರದಲ್ಲಿ ಅವನ ಹೆಸರು. ಅದರ ಕೆಳಗೆ ಸ್ಕೇಲು ಹಿಡಿದು ಗೆರೆ ಎಳೆದ ಖಾಲಿ ಸಾಲುಗಳು. ಬೈಂಡು ಹಾಕಿದ ದಿನವೇ ಎಳೆದಿದ್ದನಂತೆ. ಹೋದಾಗಲೆಲ್ಲ ನೋಡುತ್ತಿದ್ದ ನನಗೆ ಕಂಡಿರಲಿಲ್ಲ.

"ನನ್ನ ಬುಕ್ಕಿನ್ಯಾಗ ಎಲ್ಲಾ ಯಾರ್ದರ ಹೆಸರು ಹೊಡದ ಹಾಕಬೇಕಾಗಿತ್ತು ಬೇ. ಪಾಪ, ಅವ್ರೂ ಓದಿದವ್ರ ಅಲ್ಲೇನು? ಇದನ್ನ ಓದವ್ರು ಯಾರ್ದೂ ಹೊಡದ ಹಾಕೋದು ಬ್ಯಾಡ. ಒಬ್ರ ಕೆಳಗ ಒಬ್ರು ಬರಕೊಂತ ಹೋಗ್ಲಿ."

ಅಂಗಡಿಯಲ್ಲಿ ಇವನಿಗೆ ಬೆನ್ನು ಮಾಡಿ ನಿಂತವಳು ನಾನು. ಅವನ ಜೇಬಿನ ಪೆನ್ನು ಇಸಿದುಕೊಂಡು ಎರಡನೆಯ ಸಾಲಿನಲ್ಲಿ, ಅವನ ಹೆಸರಿನ ನೇರ ಕೆಳಗೆ, ನನ್ನ ಹೆಸರು ಬರೆದೆ. ಅಕ್ಷರ ಸೊಟ್ಟಗಾಯಿತು.

"ಕನ್ನಡ ಟೀಚರ್ ಅಕ್ಷರ ನೋಡ್ರಿ!" ಎಂದು ಕಾಕಾ ಇಡೀ ಓಣಿಗೆ ಕೇಳುವ ಹಾಗೆ ನಕ್ಕ. ನಕ್ಕು, ತನ್ನ ಟವೆಲಿನ ತುದಿಯನ್ನು ನನ್ನ ಕಣ್ಣಿಗೆ ಹಿಡಿದ.