ಒಳಮಗ್ಗುಲು ನೋಡುವ ಓರಗಿತ್ತಿ

ನನ್ನ ಓರಗಿತ್ತಿಗೆ ಮೈಸೂರಿನ ಮುಖ ಪರಿಚಯವಿಲ್ಲ. ಬೆನ್ನು ಮಾತ್ರ ಚೆನ್ನಾಗಿ ಗೊತ್ತು! ಉತ್ಪ್ರೇಕ್ಷೆ ಅನ್ನಬೇಡಿ. ದಸರಾ ಮೆರವಣಿಗೆಗೆ ಕರೆದುಕೊಂಡು ಹೋದರೆ, ಅಂಬಾರಿ ಎದುರಿಗೆ ಬರುವಾಗ ತಲೆ ತಗ್ಗಿಸಿ ಕಡಲೆಕಾಯಿ ಸುಲಿಯುತ್ತಿದ್ದಳು. ಆನೆ ಮುಂದೆ ಹೋದ ಮೇಲೆ ಎದ್ದು ನಿಂತು ಕಣ್ಣು ಕಿರಿದು ಮಾಡಿ ನೋಡಿದಳು. "ಹಗ್ಗ ಬಿಗಿಯಾಗೇ ಕಟ್ಟವ್ರೆ ಬುಡು," ಎಂದಳು. ಅವಳ ಪಾಲಿನ ದಸರಾ ಅಲ್ಲಿಗೆ ಮುಗಿಯಿತು.

ಅವಳು ನನ್ನ ಭಾವನ ಹೆಂಡತಿ, ಇಲವಾಲದ ಹುಡುಗಿ. ವಯಸ್ಸಿನಲ್ಲಿ ನನ್ನ ಜೊತೆಯವಳೇ. ಮನೆಗೆ ಮೊದಲು ಬಂದವಳೆಂದು ನಾನು ಅಕ್ಕ ಅನ್ನಬೇಕು. ದೋಸೆ ಹಾಕಿದರೆ ಮಗುಚಿ ನೋಡುತ್ತಾಳೆ. ನಯಾಪೈಸೆ ಹೊಸದಾಗಿ ಬಂದ ಆ ವರ್ಷ ಪ್ರತಿ ನಾಣ್ಯವನ್ನೂ ತಿರುವಿ ನೋಡಿಯೇ ಸೆರಗಿಗೆ ಗಂಟು ಹಾಕುತ್ತಿದ್ದಳು. ಗೃಹಪ್ರವೇಶಕ್ಕೆ ಹೋದರೆ ತೋರಣದ ಬಾಗಿಲು ಬಿಟ್ಟು, ಬಚ್ಚಲ ನೀರು ಎಲ್ಲಿಗೆ ಹರಿಯುತ್ತದೆಂದು ಹಿತ್ತಲು ಸುತ್ತಿ ಬರುತ್ತಿದ್ದಳು. ನಾದಿನಿಯನ್ನು ನೋಡಲು ಬಂದ ಹುಡುಗನ ಬೆನ್ನ ಹಿಂದೆ ಹೋಗಿ ನಿಂತವಳೂ ಇವಳೇ!

"ಕಾಲರ್ ಒಳಗೂ ಕೊಳೆ ಇಲ್ಲ. ಹೆಣ್ಣು ಕೊಡಬೋದು," ಎಂದು ತೀರ್ಪು ಕೊಟ್ಟಳು. ಕೊಟ್ಟೆವು!

ದಿನಚರಿ ಬರೆಯುವ ಚಟದ ನಾನು, ಅವಳು ಹಿಡಿದ ತಪ್ಪುಗಳಿಗೆಂದೇ ಪುಟದ ಎಡ ಅಂಚು ಬಿಟ್ಟಿದ್ದೆ. ಹೊಗಳಿದ್ದಕ್ಕೆ ಬಲ ಅಂಚು. ಪಾಪ, ಬಲ ಅಂಚು ಸದಾ ಖಾಲಿ.

ಇಂಥವಳ ಮುಂದೆ ನನ್ನ ಆಸೆ ಹೇಳಿಕೊಳ್ಳುವುದುಂಟೆ? ಆಸೆ ಇಷ್ಟೇ: ತವರಿನಲ್ಲಿ ಕೊಟ್ಟ ಹೊಲಿಗೆ ಯಂತ್ರವನ್ನು ನಮ್ಮ ವಿದ್ಯಾರಣ್ಯಪುರಂ ಮನೆಯ ಬೀದಿ ಕೋಣೆಯಲ್ಲಿಟ್ಟು, 'ಇಲ್ಲಿ ರವಿಕೆ ಹೊಲಿದುಕೊಡಲಾಗುವುದು' ಎಂದು ಬೋರ್ಡು ಹಾಕಬೇಕು. ಒಮ್ಮೆ ಬಾಯಿಬಿಟ್ಟಾಗ ಅತ್ತೆ, "ಮನೆಯೋರ್ಗೆ ಹೊಲ್ಕೊಡು, ಸಾಕು. ಬೀದಿಯೋರ ಅಳತೆ ಯಾಕವ್ವ ನಿಂಗೆ? ಯಾರು ಬತ್ತಾರೆ?" ಅಂದಿದ್ದರು. ಯಾರು ಬರುತ್ತಾರೆ? ನನಗೂ ಅದೇ ಅನುಮಾನ. ಪಕ್ಕದಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದ ಓರಗಿತ್ತಿ ತಲೆ ಎತ್ತಲಿಲ್ಲ.

ನಾದಿನಿಯ ಮದುವೆಗೆ ಎಲ್ಲರ ರವಿಕೆಯನ್ನೂ ನಾನೇ ಹೊಲಿದೆ. ಅವಳು ತನ್ನದನ್ನು ಒಳಹೊರಗು ಮಾಡಿ, ಕಿಟಕಿಯ ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿದಳು. ಆಮೇಲೆ ಮಡಿಸಿಕೊಂಡು ಒಳಗೆ ಹೋದಳು! ಎಡ ಅಂಚಿಗೆ ಏನು ಬರೆಯುವುದೋ ಎಂದು ನಾನು ದಿನಚರಿ ತೆರೆದಿಟ್ಟುಕೊಂಡು ಕೂತೆ.

ಮುಹೂರ್ತದ ದಿನ ಛತ್ರದಲ್ಲಿ ನೋಡುತ್ತೇನೆ, ಆ ರವಿಕೆಯ ಒಳಮಗ್ಗುಲನ್ನೇ ಹೊರಗೆ ಮಾಡಿ ತೊಟ್ಟುಕೊಂಡು ಬೀಗರಿಗೆ ಅರಿಶಿನ ಕುಂಕುಮ ಕೊಡುತ್ತಿದ್ದಾಳೆ! ಅತ್ತೆ ಓಡಿಬಂದರು.

"ಅಯ್ಯೋ, ರವಿಕೆ ತಿರುಗಾಮುರುಗಾ ಹಾಕ್ಕೊಂಡಿದ್ದೀಯಲ್ಲೇ!"

"ಗೊತ್ತು ಕಣತ್ತೆ, ಬೇಕಂತ್ಲೇ ಹಾಕ್ಕೊಂಡಿವ್ನಿ," ಎಂದವಳು ಬೀಗಿತ್ತಿಯ ಕಡೆಗೆ ತೋಳು ಚಾಚಿದಳು. "ನೋಡಿ, ಒಂದು ದಾರ ಎದ್ದಿದ್ರೆ ತೋರ್ಸಿ. ಒಳಗೂ ಹೊರಗಿನಂಗೇ ಐತೆ. ನಮ್ ಚಿಕ್ಕವಳ ಕೈಕೆಲ್ಸ ಕಣ್ರಮ್ಮ!"

ಬೀಗಿತ್ತಿ ಕನ್ನಡಕ ಸರಿಮಾಡಿಕೊಂಡು ಹೊಲಿಗೆ ಸವರಿ ನೋಡಿದರು. ಅವರ ಹಿಂದೆ ಅವರ ತಂಗಿ, ತಂಗಿಯ ಹಿಂದೆ ಪಂಕ್ತಿಯಿಂದ ಎದ್ದು ಬಂದ ಹೆಂಗಸರು.

"ನಮಗೂ ಹೊಲ್ಕೊಡ್ತಾಳಾ?" ತಂಗಿ ಕೇಳಿದರು.

"ಓ! ಮುಂದಿನ ವಾರದಿಂದ, ಬೀದಿ ಕೋಣೇಲಿ. ಅಲ್ವಾ ಅತ್ತೆ?"

ಬೀಗರ ಎದುರು ಅತ್ತೆ ಇಲ್ಲ ಅನ್ನುವುದುಂಟೆ? "ಊಂ, ಕೊಡ್ತಾಳೆ," ಎಂದರು.

ಬೋರ್ಡು ಏರಿತು. ಬೀಗಿತ್ತಿಯ ತಂಗಿ ಬಟ್ಟೆಯನ್ನೂ ಅಳತೆ ರವಿಕೆಯನ್ನೂ ಕೊಟ್ಟು ಹೋದರು. ಸೀಮೆಸುಣ್ಣದಲ್ಲಿ ಗೆರೆ ಎಳೆದೆ; ಅಳಿಸಿದೆ; ಮತ್ತೆ ಎಳೆದೆ. ಬೇರೆಯವರ ಬಟ್ಟೆ! ಕತ್ತರಿ ಹಿಡಿದ ಕೈ ನಡುಗತೊಡಗಿತು.

ಬಾಗಿಲಲ್ಲಿದ್ದ ಓರಗಿತ್ತಿ ಒಳಗೆ ಹೋಗಿ ಬಂದು ನನ್ನ ಮುಂದೆ ಒಂದು ರವಿಕೆ ಕಣ ಹಾಸಿದಳು. ಹಸಿರು ರೇಷ್ಮೆ. ಅವಳ ತಾಯಿ ಕೊನೆಯ ಸಲ ಮಡಿಲು ತುಂಬಿದಾಗ ಕೊಟ್ಟದ್ದು; ಯಾವ ದರ್ಜಿಯನ್ನೂ ನಂಬದೆ ಪೆಟ್ಟಿಗೆಯ ತಳದಲ್ಲಿಟ್ಟಿದ್ದಳು.

"ಮೊದ್ಲು ಇದನ್ನ ಕತ್ತರ್ಸು."

"ಅಕ್ಕಾ, ಕೆಟ್ಟೋದ್ರೆ?"

"ಕೆಟ್ಟೋಗ್ಲಿ ಬುಡು. ನಡುಗೋದೆಲ್ಲ ಇದ್ರ ಮೇಲೇ ನಡುಗಿಬುಡು ಕಣೇ. ಆಮೇಲೆ ಅವ್ರದು."

ಬಟ್ಟೆ ಜಾರದಂತೆ ಅವಳು ಎರಡೂ ಅಂಗೈ ಊರಿ ಹಿಡಿದಳು. ನಾನು ಕತ್ತರಿ ಆಡಿಸಿದೆ. ಅರ್ಧಕ್ಕೆ ಬರುವಷ್ಟರಲ್ಲಿ ನನ್ನ ಕೈ ನಡುಕ ನಿಂತಿತ್ತು, ಅವಳದು ಶುರುವಾಗಿತ್ತು.