ಅಪ್ಪನ ಮುದ್ರೆ, ನನ್ನ ಚಾಕು

ಕುಲುಮೆ ಇಟ್ಟುಕೊಂಡವರಿಗೆ ಒಂದಲ್ಲ ಒಂದು ಪ್ರಸಂಗ ಆಗುತ್ತಲೇ ಇರುತ್ತದೆ. ನಾನು ಬರೆಯುತ್ತಿರುವುದು ಇದೇ ಮೊದಲು, ಹಾಗಾಗಿ ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ. ನಮ್ಮ ಕುಲುಮೆ ಇರುವುದು ಕಡಬ, ಸುಳ್ಯದ ಕಡೆಯ ಸವಣೂರಿನ ಹತ್ತಿರ. ಅಪ್ಪ ಮಾಡುವುದು ಮೊಳದುದ್ದದ ಕತ್ತಿ. ನಾನು ಮಾಡುವುದು ಅಂಗೈಯುದ್ದದ ಚಾಕು. ಅದು ಮಡಚುವ ಚಾಕುವಲ್ಲ, ಚರ್ಮದ ಒರೆಯಲ್ಲಿ ಸೊಂಟಕ್ಕೆ ಕೂರುತ್ತದೆ, ತೋಟಕ್ಕೂ ಆದೀತು, ಚಾರಣಕ್ಕೂ ಆದೀತು. ಅಪ್ಪನ ಪ್ರತಿ ಕತ್ತಿಯ ಮೇಲೂ ನಮ್ಮ ಮನೆಯ ಸೂರ್ಯನ ಮುದ್ರೆ ಇರುತ್ತದೆ. ಅದು ನನ್ನ ಚಾಕುವಿಗೂ ಬೀಳಬೇಕೆಂಬುದೊಂದೇ ನನ್ನ ಆಸೆ. ಕೇಳಿದರೆ ಅಪ್ಪ, "ಇದೆಂತ, ನನ್ನ ಕತ್ತಿ ಹಾಕಿದ ಮರಿಯಾ? ಮೊದಲು ದೊಡ್ಡದಾಗ್ಲಿ" ಅನ್ನುತ್ತಿದ್ದರು.

ಕೆದಂಬಾಡಿಯ ಗಿರಾಕಿ

ನಮ್ಮಲ್ಲಿ ಚಾಕುವನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಕೊಟ್ಟರೆ ಇಬ್ಬರಿಗೂ ಜಗಳವಾಗುತ್ತದಂತೆ. ಎಲ್ಲಾದರೂ ಇಡಬೇಕು, ಅವರೇ ಎತ್ತಿಕೊಳ್ಳಬೇಕು. ಹಾಗೆ ಕೆದಂಬಾಡಿಯವರೊಬ್ಬರಿಗೆ ಚಾಕುವನ್ನು ಒರೆಸಮೇತ ಅವರ ಬೈಕಿನ ಸೀಟಿನ ಮೇಲಿಟ್ಟೆ. ಅವರು ಅಪ್ಪನ ಜೊತೆ ಮಾತಾಡುತ್ತಾ ಬಂದು ಅದರ ಮೇಲೆಯೇ ಕೂತರು. ಅವರು ನಿಧಾನಕ್ಕೆ ಎದ್ದು, ಹಿಂದೆ ಸವರಿಕೊಂಡು, "ಒರೆ ಗಟ್ಟಿ ಉಂಟು ಮಾರಾಯ್ರೆ" ಅಂದರು.

ನಾನು ಹೆಮ್ಮೆಯಿಂದ ಅಪ್ಪನತ್ತ ನೋಡಿದೆ. "ನನ್ನ ಕತ್ತಿಯಾಗಿದ್ರೆ ಕೂರುವ ಮೊದಲೇ ಕಾಣ್ತಿತ್ತು" ಅಂದರು ಅಪ್ಪ.

ಸುಳ್ಯದ ಮದುವೆ

ಸುಳ್ಯದ ಕೃಷಿಕರೊಬ್ಬರು ನನ್ನ ಚಾಕುವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಮದುವೆಗೆ ಹೋದರು. ಬಾಳೆಲೆ ಕೊಯ್ಯುವವರು, ಹೂವಿನ ದಾರ ತುಂಡು ಮಾಡುವವರು, ಎಲ್ಲರೂ ಅವರಲ್ಲೇ ಚಾಕು ಕೇಳಿದರಂತೆ. ನಮ್ಮಲ್ಲಿಗೆ ಬಂದು, "ಕೇಳ್ಲಿಕ್ಕೇ ಹೆದರುವಷ್ಟು ದೊಡ್ಡದು ಕೊಡಿ" ಅಂದರು. ಅಪ್ಪ ಖುಷಿಯಿಂದ ಕತ್ತಿ ಕೊಟ್ಟರು.

ಮುಂದಿನ ಮದುವೆ ಮುಗಿದ ಕೂಡಲೇ ಮತ್ತೆ ಬಂದರು. "ಆ ಸಣ್ಣದೇ ಸಾಕು ಮಾರಾಯ್ರೆ. ಕತ್ತಿ ಕಂಡು ನನ್ನನ್ನು ಎಳನೀರು ಕೆತ್ತಲಿಕ್ಕೆ ಕೂರಿಸಿದ್ರು. ಮದುಮಗಳ ಮುಖ ನೋಡ್ಲಿಲ್ಲ."

ಕಡಬದ ತೊಟ್ಟಿಲು

ಕಡಬಕ್ಕೆ ಮದುವೆ ಮಾಡಿಕೊಟ್ಟ ನನ್ನ ತಂಗಿಗೆ ಹೆಣ್ಣು ಮಗುವಾಯಿತು. ಎಳೆ ಮಗುವಿನ ತಲೆದಿಂಬಿನ ಅಡಿಯಲ್ಲಿ ಕಬ್ಬಿಣ ಇಡುವುದು ಕ್ರಮ, ಮಗು ಬೆಚ್ಚಿ ಬೀಳಬಾರದೆಂದು. ಅಪ್ಪ ತಮ್ಮ ಅತ್ಯುತ್ತಮ ಕತ್ತಿಯನ್ನೇ ಬಟ್ಟೆಯಲ್ಲಿ ಸುತ್ತಿ ತಂದರು. ತೊಟ್ಟಿಲಲ್ಲಿ ಇಟ್ಟರೆ ಅದರ ಹಿಡಿ ಹೊರಗೆ ಬಂತು.

ತಂಗಿಯ ಅತ್ತೆ ಸೊಂಟಕ್ಕೆ ಕೈಯಿಟ್ಟು, "ಕತ್ತಿ ಮಲಗಿತು. ಇನ್ನು ಮಗು ಮಲಗುದು ಎಲ್ಲಿ?" ಅಂದರು.

ನಾನು ನನ್ನ ಚಾಕುವನ್ನು ಒರೆಸಮೇತ ದಿಂಬಿನಡಿ ಇಟ್ಟೆ. ಸರಿಯಾಗಿ ಕೂತಿತು. ಅತ್ತೆ ಅದನ್ನು ಎತ್ತಿ ತಿರುಗಿಸಿ ನೋಡಿ ಅಪ್ಪನನ್ನು ಕೇಳಿದರು, "ಇದರಲ್ಲಿ ಮುದ್ರೆ ಇಲ್ವಲ್ಲ. ನಿಮ್ಮ ಮನೆಯದ್ದಲ್ವಾ?"

ಮರುದಿನ ಕುಲುಮೆಯಲ್ಲಿ ನಾನು ಹೊಸ ಚಾಕು ಬಡಿಯುತ್ತಿದ್ದಾಗ ಅಪ್ಪ ಇಕ್ಕಳ ಕಸಿದುಕೊಂಡರು. ಮುದ್ರೆಯನ್ನು ಕಾದ ಕಬ್ಬಿಣಕ್ಕೇ ಹೊಡೆಯಬೇಕು. ಒಂದೇ ಪೆಟ್ಟಿಗೆ ಹೊಡೆದರು. ಆದರೆ ಆ ಅಚ್ಚು ದೊಡ್ಡ ಕತ್ತಿಯ ಅಳತೆಯದ್ದು, ನನ್ನ ಅಲಗಿನ ಅರ್ಧವೆಲ್ಲಾ ಸೂರ್ಯನೇ ಆಗಿಬಿಟ್ಟ.

ಚಾಕು ಸಿದ್ಧವಾದ ಮೇಲೆ ಅಪ್ಪ ತಾವೇ ಅದನ್ನು ಕಡಬಕ್ಕೆ ಒಯ್ದರು. ಅತ್ತೆ ನೋಡಿ, "ಇದೆಂತ ಮಾರಾಯ್ರೆ, ಮುದ್ರೆಗೆ ಹಿಡಿ ಹಾಕಿ ತಂದದ್ದಾ?" ಅಂದರು.

ಅಪ್ಪ ನಗಲಿಲ್ಲ. "ಮಗ ಮಾಡಿದ ಚಾಕು ಸಹ ಉಂಟು," ಅಂದರು, "ಉಳಿದ ಜಾಗದಲ್ಲಿ."