ಬರೆಯಲು ಜಾಗ ಕೇಳಿದ ಪೆಟ್ಟಿಗೆ

ನಾನು ಮಾಡಿದ, ಯಂತ್ರಗಳನ್ನು ನಿಯಂತ್ರಿಸುವ ಪೆಟ್ಟಿಗೆಗಳು ನನ್ನ ಎದುರಿಗೆ ಯಾವತ್ತೂ ಕೆಟ್ಟಿಲ್ಲ. ಕೆಡುವುದೆಲ್ಲ ಅರ್ಧ ದಿನದ ರೈಲು ಪ್ರಯಾಣದಾಚೆ, ಬೇರೆಯವರ ಕೈ ಪಕ್ಕದಲ್ಲಿ.

ಓದಿದ್ದು ಹತ್ತನೇ ಕ್ಲಾಸು. ಯಜಮಾನರ ನೌಕಾಪಡೆ ಕೆಲಸದ ಹಿಂದೆ ಧಾರವಾಡದಿಂದ ವಿಶಾಖಪಟ್ಟಣಕ್ಕೆ ಬಂದು, ಪುಸ್ತಕ ನೋಡಿಯೇ ಪ್ರೋಗ್ರಾಂ ಬರೆಯಲು ಕಲಿತು, ಎಂವಿಪಿ ಕಾಲೋನಿಯ ಮನೆ ಮಹಡಿಯಲ್ಲಿ ಸ್ವಂತ ವರ್ಕ್‌ಶಾಪ್ ಹಾಕಿದವಳು. ಕೊಂಡಪಲ್ಲಿಯ ಒಂದು ಜಲ್ಲಿ ಕಾರ್ಖಾನೆಗೆ ಕೊಟ್ಟ ಪೆಟ್ಟಿಗೆಯ ಮುಖ್ಯ ಕೆಲಸ ಒಂದೇ: ಅಪಾಯವಾದಾಗ ಯಾರಾದರೂ ಹಗ್ಗ ಎಳೆದರೆ, ಕಲ್ಲು ಹೊರುವ ಬೆಲ್ಟನ್ನು ತಕ್ಷಣ ನಿಲ್ಲಿಸುವುದು.

ಪಾರ್ಸೆಲ್

ಕೊಂಡಪಲ್ಲಿ ಪಕ್ಕದ ವಿಜಯವಾಡದಿಂದ ಕೊರಿಯರ್ ಬಂತು. ಒಳಗೆ ಒಂದು ಕೈಗವಸು, ಹಪ್ಪಳದಷ್ಟು ಚಪ್ಪಟೆ. ಕಳಿಸಿದವರು ಆ ಜಲ್ಲಿ ಕಾರ್ಖಾನೆಯ ಬೆಲ್ಟ್ ಆಪರೇಟರ್, ನನಗಿಂತ ಹಿರಿಯ ತೆಲುಗಿನವರು. ಫೋನ್ ಮಾಡಿ ಕೇಳಿದೆ. ಗವಸು ಬೆಲ್ಟ್ ತಿರುಗಿಸುವ ರೋಲರಿಗೆ ಸಿಕ್ಕಿತಂತೆ. ಹಗ್ಗ ಎಳೆದರಂತೆ. ಬೆಲ್ಟ್ ನಿಲ್ಲಲಿಲ್ಲವಂತೆ. ಗವಸು ಬಿಟ್ಟು ಕೈಯನ್ನು ಹೇಗೋ ಕಿತ್ತುಕೊಂಡಿದ್ದರು.

ನನ್ನಲ್ಲಿ ಕೆಲಸಕ್ಕಿದ್ದ ಇಂಜಿನಿಯರ್ ಕವರ್ ಕೊಡವಿ ನೋಡಿದ. “ಕಂಪ್ಲೇಂಟ್ ಲೆಟರ್ ಇಲ್ವಲ್ಲ ಮೇಡಂ?”

“ಇದ ಲೆಟರ್ ತಮ್ಮಾ. ಸಹಿ ಮಾಡೋ ಬೆರಳು ಉಳದಾವ, ಅಷ್ಟ ಪುಣ್ಯ.”

ಪೆನ್ಸಿಲ್ ಗುರುತು

ವರ್ಕ್‌ಶಾಪಿನಲ್ಲಿ ನೂರು ಸಲ ಹಗ್ಗ ಎಳೆದೆವು. ನೂರು ಸಲವೂ ಪೆಟ್ಟಿಗೆ ಒಪ್ಪವಾಗಿ ಕೆಲಸ ಮಾಡಿತು. ವಾರ ಕಳೆದ ಮೇಲೆ ತಪ್ಪು ಸಿಕ್ಕಿತು.

ಪೆಟ್ಟಿಗೆ ಸದಾ ಬೆಲ್ಟಿನ ವೇಗ ಬರೆದಿಡುತ್ತದೆ. ಬರೆಯಲು ಮೆಮೊರಿಯಲ್ಲಿ ಜಾಗ ಬೇಕು. ಜಾಗ ತೆಗೆದುಕೊಳ್ಳುವಾಗ ಬೇರೆ ಯಾರೂ ಕೈ ಹಾಕದಂತೆ ಮೆಮೊರಿಗೆ ಬೀಗ ಹಾಕಿಕೊಳ್ಳುತ್ತದೆ. ಸರಿಯಾಗಿ ಆ ಗಳಿಗೆಗೆ ಹಗ್ಗ ಎಳೆದರೆ, ತುರ್ತು ಕೆಲಸ ಬಂದು ಹಳೆ ಕೆಲಸವನ್ನು ಇದ್ದಲ್ಲೇ ನಿಲ್ಲಿಸುತ್ತದೆ. ಹಗ್ಗ ಎಳೆದ ಸಮಯವನ್ನು ಮೊದಲು ಬರೆಯಲು ಇದಕ್ಕೂ ಜಾಗ ಬೇಕು. ಬೀಗದ ಕೈ ಮಾತ್ರ ನಿಂತುಹೋದ ಹಳಬನ ಹತ್ತಿರ. ತುರ್ತಿನವನು ಮುಗಿಸದೆ ಹಳಬ ಏಳುವಂತಿಲ್ಲ, ಹಳಬ ಏಳದೆ ತುರ್ತಿನವನಿಗೆ ಜಾಗವಿಲ್ಲ. ಇಬ್ಬರೂ ಕೂತರು, ಬೆಲ್ಟ್ ಓಡಿತು.

“ತುರ್ತು ಕೆಲಸದಲ್ಲಿ ಮೆಮೊರಿ ಕೇಳಬಾರದು ಅಂತ ನಿಮ್ಮ ಪುಸ್ತಕದಲ್ಲೇ ಇದೆ ಮೇಡಂ. ಆ ಪುಟ ಬಿಟ್ಟುಹೋಗಿತ್ತೇನೋ,” ಅಂದ ಇಂಜಿನಿಯರ್.

ಬಿಟ್ಟುಹೋಗಿರಲಿಲ್ಲ. ಆ ಸಾಲಿನ ಪಕ್ಕ ಪೆನ್ಸಿಲಿನಲ್ಲಿ “ಪುಕ್ಕಲು ಮಾತು” ಎಂದು ಬರೆದಿತ್ತು. ಅಕ್ಷರ ನನ್ನದೇ.

ದಾಖಲೆ

ಪ್ರೋಗ್ರಾಂ ತಿದ್ದಿ, ಇಂಜಿನಿಯರ್ ಜೊತೆ ಕೊಂಡಪಲ್ಲಿಗೆ ಹೋದೆ. ನಡೆದದ್ದನ್ನೆಲ್ಲ ಆಪರೇಟರಿಗೆ ತೆಲುಗಿನಲ್ಲಿ ಹೇಳಿದೆ.

“ಅಂದ್ರೆ ನಿಲ್ಲಿಸೋಕೆ ಮುಂಚೆ ಬರೆಯೋಕೆ ಹೋಗಿತ್ತಾ? ರಕ್ತ ಸುರಿಯೋನ ಹತ್ರ ಅಪ್ಪನ ಹೆಸರು ಕೇಳಿದ ಹಾಗೆ?”

“ಹೌದು. ಈಗ ಮೊದಲು ನಿಲ್ಲಿಸುತ್ತೆ. ಬರೆಯೋ ಜಾಗ ಮೊದಲೇ ತೆಗೆದಿಟ್ಟಿದ್ದೀನಿ.”

“ಅವತ್ತು ನಾನು ಎಳೆದದ್ದು ಬರೆದಿದೆಯಾ?”

“ಇಲ್ಲ.”

“ಹಾಗಾದ್ರೆ ಕೈ ಹೋಗಿದ್ರೂ ನಾನು ಹಗ್ಗ ಎಳೀಲೇ ಇಲ್ಲ ಅಂತ ಆಗ್ತಿತ್ತು. ತಪ್ಪೂ ನನ್ನದೇ ಅಂತ.” ನಕ್ಕವರು ಅವರೊಬ್ಬರೇ.

ಪರೀಕ್ಷೆ

“ಈಗ ನಿಮಗೆ ನಂಬಿಕೆ ಇದೆಯಾ ಅಮ್ಮಾ?” ಎಂದು ಆಪರೇಟರ್ ಕೇಳಿದರು.

“ಪೂರ್ತಿ ಇದೆ.”

“ಹಾಗಾದ್ರೆ ರೋಲರ್ ಹತ್ರ ನಿಮ್ಮ ಕೈ ಇಡಿ. ನಾನು ಎಳೀತೀನಿ.”

ಇಂಜಿನಿಯರ್ ಬೇಡವೆಂದು ತಲೆಯಾಡಿಸಿದ. ಅವನು ಬೇಡವೆಂದದ್ದಕ್ಕೇ ಇಟ್ಟೆ. ಬಳೆ ಬಿಚ್ಚಿಟ್ಟಿದ್ದೆ, ನಂಬಿಕೆ ಅಷ್ಟು ಮಾತ್ರ ಕಡಿಮೆ. ಗೇಣು ದೂರದಲ್ಲಿ ರೋಲರ್ ಜಲ್ಲಿ ಜಗಿಯುತ್ತಿತ್ತು. ಆಪರೇಟರ್ ನನ್ನ ಬೆನ್ನ ಹಿಂದೆ ಹೋದರು. ಒಂದು ಉಸಿರು, ಎರಡು ಉಸಿರು. ಬೆಲ್ಟ್ ನಿಂತಿತು.

“ನೋಡಿದೇನು? ನಾ ಮಾಡಿದ್ದಂದ್ರ ಹಿಂಗಿರತದ,” ಎಂದು ಇಂಜಿನಿಯರಿಗೆ ಹೇಳಿದೆ.

ಹಿಂದಿನಿಂದ ಆಪರೇಟರ್ ಬಂದರು.

“ಹಗ್ಗ ಇನ್ನೂ ಎಳೆದಿಲ್ಲ ಅಮ್ಮಾ. ಮೇನ್ ಸ್ವಿಚ್ ಆಫ್ ಮಾಡಿದೆ. ನೀವು ನಿಜವಾಗ್ಲೂ ಕೈ ಇಡ್ತೀರಿ ಅಂತ ನನಗೇನು ಗೊತ್ತು?”